ಮೊದಲ ಹತ್ತು ನಿಮಿಷ ಜೊತೆಗಿರಿ

ಕೇಳುಗರಿಗೆ ನಮಸ್ಕಾರ. ನಾನು ತುಮಕೂರಿನವನು, ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು.

ಹೋದ ವರ್ಷ ನಮ್ಮಕ್ಕನ ಮಗ, ಸೆಕೆಂಡ್ ಪಿಯುಸಿ ಹುಡುಗ, ಮಂಕಾಗಿಬಿಟ್ಟ. ಮುದ್ದೆ, ಉಪ್ಸಾರು ಅಂದರೆ ಪ್ರಾಣ ಬಿಡುತ್ತಿದ್ದವನು ತಟ್ಟೆ ಮುಂದೆ ಕೈ ಒಣಗಿಸಿಕೊಂಡು ಕೂತು, ಹಾಗೇ ಎದ್ದುಹೋಗುತ್ತಿದ್ದ. ಮಧ್ಯಾಹ್ನವೆಲ್ಲ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದ. "ಸೋಮಾರಿ ಆಗಬೇಡ, ಎದ್ದು ಗ್ರೌಂಡಿಗೆ ಹೋಗು" ಅಂತ ನಾನೇ ಗದರಿದೆ. ತಪ್ಪು ಮಾಡಿದೆ. ಎರಡು ವಾರಕ್ಕೂ ಜಾಸ್ತಿ ಹೀಗಿದ್ದರೆ ಅದು ಖಿನ್ನತೆ ಇರಬಹುದು. ಏಳುವ ಮನಸ್ಸನ್ನೇ ಆ ಕಾಯಿಲೆ ಕಸಿದುಕೊಂಡಿರುತ್ತದೆ. ಅಂಥವನಿಗೆ ಓಡು ಅಂದರೆ ಹೇಗೆ ಓಡಿಯಾನು?

ಡಾಕ್ಟರ ಹತ್ತಿರ ಕರೆದೊಯ್ದೆವು. ಚಿಕಿತ್ಸೆಯ ಜೊತೆಗೆ ಬಿರುಸಿನ ನಡಿಗೆಯೂ ಇರಲಿ, ನೀವೂ ಜೊತೆಗೆ ಹೋಗಿ ಎಂದರು.

ಮೊದಲ ದಿನ ಶೂ ಹಾಕಲು ಕೂತವನು ಲೇಸು ಕೈಯಲ್ಲಿ ಹಿಡಿದು ಹಾಗೇ ಕೂತುಬಿಟ್ಟ. ನಾನು ಏನೂ ಅನ್ನಲಿಲ್ಲ. ಪಕ್ಕದಲ್ಲಿ ಕೂತು ನನ್ನ ಲೇಸು ಕಟ್ಟಿಕೊಂಡೆ. ಸ್ವಲ್ಪ ಹೊತ್ತಿಗೆ ಅವನೂ ಕಟ್ಟಿಕೊಂಡ. ಅಮಾನಿಕೆರೆ ದಡದಲ್ಲಿ ಹತ್ತು ನಿಮಿಷ ನಡೆದು ವಾಪಸ್ ಬಂದೆವು. ಅಷ್ಟೇ. ಮೂರನೇ ವಾರಕ್ಕೆ ಅದು ಅರ್ಧ ಗಂಟೆಯಾಯಿತು. ಮೊದಲು ಸರಿಹೋದದ್ದು ನಿದ್ದೆ.

ಎಷ್ಟು ಜೋರಾಗಿ ನಡೆಯಬೇಕು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಸೈಕಲ್, ಸ್ಕಿಪ್ಪಿಂಗ್, ಕಬಡ್ಡಿ, ಎದೆಬಡಿತ ಏರಿಸುವ ಯಾವುದಾದರೂ ಆದೀತು. ಹೀಗೆ ಮೈ ದಣಿದಾಗ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚುತ್ತದೆ. ಮಿದುಳಿನ ನರಕೋಶಗಳು ಬೆಳೆಯಲು, ಒಂದಕ್ಕೊಂದು ಹೆಣೆದುಕೊಳ್ಳಲು ಅದು ಬೇಕು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಇಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಲೆಕ್ಕ ಹೇಳಿ ಮಂಕಾದ ಮಗುವನ್ನು ಮೊದಲ ದಿನವೇ ಹೆದರಿಸಬೇಡಿ. ಹದಿಹರೆಯದವರ ಮೇಲೆ ನಡೆದ ಅಧ್ಯಯನಗಳಲ್ಲಿ ವಾರಕ್ಕೆ 3 ದಿನದ ವ್ಯಾಯಾಮದಿಂದಲೂ ಖಿನ್ನತೆಯ ಲಕ್ಷಣಗಳು ತಗ್ಗಿವೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ವಾಕಿಂಗ್ ಶುರುವಾಯಿತು ಅಂತ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಸಾಯುವ ಮಾತು ಮಗುವಿನ ಬಾಯಲ್ಲಿ ಬಂದರೆ ಒಬ್ಬನನ್ನೇ ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಯಾರನ್ನು ಕೇಳುವುದೋ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಕಾಸು ಖರ್ಚಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಹುಡುಗ ಈಗಲೂ ಕೆಲವು ದಿನ ಗೋಡೆ ಕಡೆ ತಿರುಗಿ ಮಲಗುತ್ತಾನೆ. "ಮಾಮ, ಇವತ್ತು ಆಗಲ್ಲ" ಅನ್ನುತ್ತಾನೆ. ಬೀದಿ ಕೊನೆವರೆಗೆ ಹೋಗಿ ಬರೋಣ ಬಾ ಅನ್ನುತ್ತೇನೆ. ಅಷ್ಟೇ ಹೋಗಿ ಬರುತ್ತೇವೆ. ನಮಸ್ಕಾರ.