ಸೌರಫಲಕದ ಮೇಲಿನ ಹಿಮ: ಕರಗಿಸುವುದೋ, ಜಾರಿಸುವುದೋ?

(ದೃಶ್ಯ: ಹಿಮ ಹೊದ್ದ ಛಾವಣಿ, ಮೇಲ್ತುದಿಯಲ್ಲಷ್ಟೇ ಫಲಕದ ಕಪ್ಪು ಗಾಜು)

ನಮಸ್ಕಾರ. ಚಳಿಯಿಂದ ಸೌರಫಲಕಕ್ಕೆ ನಷ್ಟವಿಲ್ಲ; ಸಿಲಿಕಾನ್ ಕೋಶಗಳು ತಣ್ಣಗಿದ್ದಷ್ಟೂ ಅದೇ ಬಿಸಿಲಿನಿಂದ ಹೆಚ್ಚು ವಿದ್ಯುತ್ ತೆಗೆಯುತ್ತವೆ. ತೊಂದರೆಯೆಲ್ಲ ಗಾಜಿನ ಮೇಲೆ ಕೂತ ಹಿಮದ್ದು. ತಂತಿ ಕಾಯಿಸಿ ಅದನ್ನು ಕರಗಿಸಬಾರದೇಕೆ ಎಂದು ಕೇಳುವವರಿರುವುದರಿಂದ ಆ ಲೆಕ್ಕವನ್ನೇ ಮೊದಲು ಮಾಡೋಣ.

(ತೆರೆಯ ಮೇಲೆ: ಲೆಕ್ಕ)

ಹತ್ತು ಸೆಂಟಿಮೀಟರ್ ದಪ್ಪದ ಹೊಸ ಹಿಮ ಚದರ ಮೀಟರಿಗೆ 10 ಕಿಲೋಗ್ರಾಂ ತೂಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಕಿಲೋಗ್ರಾಂ ಕರಗಲು 334 ಕಿಲೋಜೂಲ್ ಶಾಖ ಬೇಕಾಗುವುದರಿಂದ ಒಟ್ಟು ಖರ್ಚು ಸುಮಾರು 0.93 ಯೂನಿಟ್. ಶೇ. 20ರಷ್ಟು ದಕ್ಷತೆಯ ಒಂದು ಚದರ ಮೀಟರ್ ಫಲಕ ಇಷ್ಟನ್ನು ಮರಳಿ ಗಳಿಸಲು ನಾಲ್ಕೂವರೆ ಗಂಟೆಗೂ ಮೀರಿ ಪೂರ್ಣ ಬಿಸಿಲು ಬೇಕು. ಹಿಮ ಬೀಳುವ ಕಾಲದಲ್ಲಿ ಅಷ್ಟು ಬಿಸಿಲೆಲ್ಲಿ? ಗಾಜಿಗೆ ಅಂಟಿದ ತೆಳುಪದರವೊಂದು ಕರಗಿ ನೀರಾದರೆ ಮಾತ್ರ ಅತಿ ಕಡಿಮೆ ಶಾಖದಲ್ಲೇ ಉಳಿದ ಹಿಮ ತನ್ನ ಭಾರದಿಂದಲೇ ಜಾರಬಲ್ಲದು. ಆ ಜಾರುವಿಕೆಗೆ ಅಡ್ಡಿಯಾಗದಂತೆ ಫಲಕವನ್ನು ಕೂರಿಸುವುದೇ ನಿಜವಾದ ಉಪಾಯ.

ಇಳಿಜಾರು ಕಡಿದಾದಷ್ಟೂ ಹಿಮ ಬೇಗ ಇಳಿಯುತ್ತದೆ, ಬೇಸಿಗೆಯ ಉತ್ಪಾದನೆ ಸ್ವಲ್ಪ ತಗ್ಗಿದರೂ ಸರಿಯೇ. ಆದರೆ ಕೆಳಗಿನ ಚೌಕಟ್ಟಿನ ಏಣು ಅಣೆಕಟ್ಟಿನಂತೆ ಹಿಮವನ್ನು ತಡೆಯುತ್ತದೆ, ಕರಗಿದ ನೀರು ರಾತ್ರಿ ಅಲ್ಲೇ ಮಂಜುಗಡ್ಡೆಯಾಗುತ್ತದೆ. ಚೌಕಟ್ಟಿಲ್ಲದ ಫಲಕಗಳಿಗೆ ಈ ಕಾಟ ಕಡಿಮೆ.

(ದೃಶ್ಯ: ಉದ್ದುದ್ದ ನಿಲ್ಲಿಸಿದ ಫಲಕ, ಅಡ್ಡಲಾಗಿ ಮಲಗಿಸಿದ ಫಲಕ)

ಹೆಚ್ಚಿನವರು ಗಮನಿಸದ ಸಂಗತಿ ಇಲ್ಲಿದೆ. ಹಳೆಯ ಮಾದರಿಯ ಫಲಕದಲ್ಲಿ ಕೋಶಗಳು ಉದ್ದಕ್ಕೆ ಮೂರು ಸರಣಿಗಳಾಗಿದ್ದು, ಪ್ರತಿ ಸರಣಿಗೂ ಒಂದೊಂದು ಬೈಪಾಸ್ ಡಯೋಡ್, ಅಂದರೆ ಕೋಶ ಮುಚ್ಚಿಹೋದ ಸರಣಿಯನ್ನು ಇಡಿಯಾಗಿ ಬಿಟ್ಟು ವಿದ್ಯುತ್ತನ್ನು ಪಕ್ಕದಿಂದ ಸಾಗಿಸುವ ಬಿಡಿಭಾಗ, ಇರುತ್ತದೆ. ಫಲಕವನ್ನು ಉದ್ದುದ್ದ ನಿಲ್ಲಿಸಿದ್ದರೆ ಕೆಳಗೆ ಉಳಿದ ಗೇಣುದ್ದದ ಹಿಮ ಮೂರೂ ಸರಣಿಗಳನ್ನು ಮುಚ್ಚಿ ಇಡೀ ಫಲಕದ ಉತ್ಪಾದನೆಯನ್ನೇ ನಿಲ್ಲಿಸಿಬಿಡಬಹುದು. ಅಡ್ಡಲಾಗಿದ್ದರೆ ಕೆಳಗಿನ ಒಂದು ಸರಣಿ ಮಾತ್ರ ಹೋಗುತ್ತದೆ. ಅರ್ಧ ಕತ್ತರಿಸಿದ ಕೋಶಗಳ ಹೊಸ ಫಲಕಗಳಲ್ಲಿ ಎರಡು ಅರ್ಧಗಳು ಬೇರೆ ಬೇರೆಯಾಗಿ ಜೋಡಣೆಯಾಗಿರುವುದರಿಂದ, ನಿಲ್ಲಿಸಿಟ್ಟಾಗಲೂ, ಮೇಲಿನ ಅರ್ಧ ದುಡಿಯುತ್ತಲೇ ಇರುತ್ತದೆ. ಎರಡೂ ಮುಖಗಳಲ್ಲಿ ಬೆಳಕು ಹೀರುವ ಫಲಕಗಳಂತೂ ನೆಲದ ಹಿಮದಿಂದ ಪುಟಿದ ಬೆಳಕನ್ನು ಹಿಂಬದಿಯಿಂದ ಹೀರಿ, ಬೆಚ್ಚಗಾಗಿ, ಮೇಲಿನ ಹಿಮವನ್ನು ತಾವೇ ಸಡಿಲಿಸಿಕೊಳ್ಳುತ್ತವೆ.

ನೀರು ನಿಲ್ಲದ ಲೇಪನಗಳನ್ನು ಮಾರುವವರಿದ್ದಾರೆ, ಆದರೆ ನೀರು ಜಾರಿದ ಮಾತ್ರಕ್ಕೆ ಮಂಜುಗಡ್ಡೆಯೂ ಜಾರೀತೆಂದು ನಂಬಬೇಡಿ.

ಕೈಯಿಂದಲೇ ತೆಗೆಯಬೇಕಾದರೆ ಮೆತ್ತನೆಯ ಫೋಮ್ ತುದಿಯ ಉದ್ದ ಕೋಲನ್ನು ನೆಲದ ಮೇಲೆ ನಿಂತೇ ಬಳಸಬೇಕು. ಬಿಸಿನೀರು ಗಾಜನ್ನು ಸೀಳೀತು, ಉಪ್ಪು ಚೌಕಟ್ಟನ್ನು ತಿಂದೀತು, ಲೋಹದ ಸಲಿಕೆ ಗಾಜನ್ನು ಗೀರೀತು. ಚೆನ್ನಾಗಿ ಜಾರುವ ಹಿಮ ಒಮ್ಮೆಗೇ ರಾಶಿಯಾಗಿ ಬೀಳುವುದರಿಂದ ಫಲಕದ ಕೆಳಗೆ ಬಾಗಿಲಾಗಲಿ ಕಾಲುದಾರಿಯಾಗಲಿ ಇರಬಾರದು. ಬಿದ್ದ ರಾಶಿ ಮತ್ತೆ ಫಲಕದ ಅಂಚನ್ನು ಮುಟ್ಟದಷ್ಟು ಜಾಗವನ್ನೂ ಬಿಟ್ಟಿರಬೇಕು.