ಎರಡು ಕೊಡ, ಒಂದು ನಳ

ಕೇಳುಗರಿಗೆ ನಮಸ್ಕಾರ. ಬೇಸಿಗೆಯಲ್ಲಿ ಕಲಬುರಗಿಯ ಓಣಿಯಲ್ಲಿ ನಳಕ್ಕೆ ನೀರು ಬಂದಾಗ ಏನಾಗುತ್ತದೆ, ಗೊತ್ತಲ್ವಾ? ಒಂದು ಕೊಡ ತುಂಬುವಷ್ಟರಲ್ಲಿ ಇನ್ನೊಂದನ್ನು ಒಳಗೆ ಸುರಿದು ಓಡಿ ಬರಬೇಕು. ಹನಿ ನೀರೂ ಕೆಳಗೆ ಬೀಳಬಾರದು.

ನನ್ನ ಮೇಜಿನ ಮೇಲಿರುವ ಡಿಡಿಸಿ112 ಎಂಬ ಚಿಪ್ ಮಾಡುವುದೂ ಇದನ್ನೇ. ನೀರಿನ ಬದಲು ಕರೆಂಟು, ಅದೂ ಬೆಳಕು ಬಿದ್ದರೆ ಕರೆಂಟು ಕೊಡುವ ಫೋಟೋಡಯೋಡಿನಿಂದ ಬರುವ ತೀರಾ ಸಣ್ಣ ಕರೆಂಟು. ಅದನ್ನು ಚಾರ್ಜು ಹಿಡಿದಿಡುವ ಕೆಪಾಸಿಟರಿನಲ್ಲಿ ಇಷ್ಟು ಹೊತ್ತು ಅಂತ ತುಂಬಿಸಿ, ಕೂಡಿದ ಚಾರ್ಜನ್ನು 20 ಬಿಟ್ಟಿನ ಅಂಕಿಯಾಗಿ ಕೊಡುತ್ತದೆ. ಪ್ರತಿ ಇನ್‌ಪುಟ್ಟಿಗೂ ಎ, ಬಿ ಅಂತ ಎರಡು ಇಂಟಿಗ್ರೇಟರ್, ಅಂದರೆ ನಮ್ಮ ಎರಡು ಕೊಡ. ಎ ತುಂಬುವಾಗ ಬಿ ಅಳತೆ ಮುಗಿಸಿ ಖಾಲಿಯಾಗುತ್ತದೆ. ಇದು ಕಂಟಿನ್ಯೂಯಸ್ ಮೋಡ್.

ಆದರೆ ಅಳೆದು ಖಾಲಿ ಮಾಡಲು 10 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಸುಮಾರು 480 ಮೈಕ್ರೋಸೆಕೆಂಡ್ ಬೇಕು. ತುಂಬುವ ಹೊತ್ತನ್ನು ಅದಕ್ಕಿಂತ ಕಡಿಮೆ ಮಾಡಿದರೆ? ಕೊಡದ ಬದಲು ಲೋಟ ಇಟ್ಟ ಹಾಗೆ. ಎರಡೂ ಚಕಚಕ ತುಂಬುತ್ತವೆ, ಸುರಿದು ಬರುವ ತನಕ ನಳದ ನೀರು ಚರಂಡಿಗೆ. ಇದೇ ನಾನ್-ಕಂಟಿನ್ಯೂಯಸ್ ಮೋಡ್. ಮೋಡ್ ಬದಲಿಸಲು ಬೇರೆ ಬಟನ್ ಇಲ್ಲ. ಕಾನ್ವ್ ಎಂಬ ಪಿನ್ನಿಗೆ ನಾವು ಕೊಡುವ ಸಿಗ್ನಲ್ ಎಷ್ಟು ಬೇಗ ಬದಲಾಗುತ್ತದೆ ಅನ್ನೋದನ್ನು ನೋಡಿ ಚಿಪ್ ತಾನೇ ಬದಲಾಗುತ್ತದೆ, ನಮ್ಮನ್ನು ಕೇಳೋದಿಲ್ಲ.

ನಾನು ಬಿದ್ದದ್ದು ಇಲ್ಲೇ. ಕಿಟಕಿಯ ಬೆಳಕನ್ನು ಅಳೆಯುತ್ತಿದ್ದೆ. ಟ್ಯೂಬ್‌ಲೈಟಿನ ಮಿನುಗು ಸರಿಹೋಗಲಿ ಅಂತ ತುಂಬುವ ಹೊತ್ತನ್ನು 20 ಮಿಲಿಸೆಕೆಂಡ್ ಇಟ್ಟಿದ್ದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಒಂದು ಪೂರ್ತಿ ಸುತ್ತು. 350 ಪಿಕೋಕೂಲಂಬ್ ಚಾರ್ಜು ಹಿಡಿಯುವ ರೇಂಜಿನಲ್ಲಿ ಅಷ್ಟು ಹೊತ್ತಿಗೆ 17.5 ನ್ಯಾನೋಆಂಪಿಯರ್ ಬಂದರೆ ಕೊಡ ಭರ್ತಿ. ಬೆಳಗ್ಗೆ ಸಾಕಾಯಿತು. ಹನ್ನೊಂದಕ್ಕೇ ನಮ್ಮ ಬಿಸಿಲು ಕೊಡ ಉಕ್ಕಿಸಿತು. ಸುಮ್ನೆ 200 ಮೈಕ್ರೋಸೆಕೆಂಡಿಗೆ ಇಳಿಸಿ, ಎಲ್ಲ ರೀಡಿಂಗ್ ಕೂಡಿಸುತ್ತಾ ಕೂತೆ.

ಮಧ್ಯಾಹ್ನ ಮೊತ್ತ ನೋಡಿದರೆ ಬೆಳಕು ಅರ್ಧಕ್ಕಿಂತ ಕಡಿಮೆ! ಏಪ್ರಿಲ್ ತಿಂಗಳು, ಕಲಬುರಗಿ, ಮಧ್ಯಾಹ್ನ. ಡಯೋಡ್ ಕೆಟ್ಟಿದೆ ಅಂತ ಇನ್ನೊಂದು ಹಾಕಿದೆ. ಬೆಸುಗೆ ಮತ್ತೆ ಹಾಕಿದೆ. ಸಂಜೆ ಚಿಪ್ಪಿನ ಸಿಗ್ನಲ್‌ಗಳಿಗೆ ಆಸಿಲೋಸ್ಕೋಪ್ ಹಚ್ಚಿದಾಗಲೇ ತಿಳಿದದ್ದು: ಎರಡು ಸಣ್ಣ ತುಂಬಿಕೆ, ಆಮೇಲೆ ಉದ್ದದ ಕಾಯುವಿಕೆ. ಹೆಚ್ಚಿನ ಬೆಳಕು ಚರಂಡಿಗೆ ಹೋಗುತ್ತಿತ್ತು. ಚಿಪ್ ಸರಿಯಾಗೇ ಅಳೆಯುತ್ತಿತ್ತು, ಮೊತ್ತ ಹಾಕಿದ್ದು ನನ್ನ ತಪ್ಪು. ಹೀಗೆ ಎಣಿಕೆಯಲ್ಲಿ ಬಿಡುವು ಇದ್ದಾಗ ಪ್ರತಿ ಅಂಕಿಯನ್ನೂ ಅದು ತುಂಬಿದ ಹೊತ್ತಿನಿಂದ ಭಾಗಿಸಬೇಕು, ಗಡಿಯಾರದ ಹೊತ್ತಿನಿಂದಲ್ಲ.

ಮೋಡ್ ಬದಲಾದ ಮೇಲಿನ ಮೊದಲ ಒಂದೆರಡು ರೀಡಿಂಗ್‌ಗಳನ್ನೂ ಈಗ ಬಿಟ್ಟುಬಿಡುತ್ತೇನೆ. ಆ ಅಂಕಿಗಳನ್ನು ನಂಬೋದು ಯಾಕೆ?

ಮೊತ್ತವೇ ಬೇಕಿದ್ದ ಕೆಲಸಕ್ಕೆ ಬೇರೆ ದಾರಿ ಹಿಡಿದೆ. ಹೊತ್ತನ್ನು 500 ಮೈಕ್ರೋಸೆಕೆಂಡಿಗಿಂತ ಕೆಳಗೆ ಇಳಿಸಲೇ ಇಲ್ಲ. ಡಯೋಡಿನ ಮುಂದೆ ಕಪ್ಪು ಕಾಗದ ಅಂಟಿಸಿ, ಸೂಜಿಯಿಂದ ಒಂದು ತೂತು ಮಾಡಿದೆ.