ಸೆರಗಿನ ಕೊಂಡಿ ತೋರಿಸಿ: ಸಣ್ಣ ಅಂಗಡಿಗೆ ವಿಡಿಯೋ ಯಾಕೆ, ಹೇಗೆ?

[ದೃಶ್ಯ: ಕುಣಿಮಗ್ಗ, ತೀರಾ ಹತ್ತಿರದಿಂದ. ಲಾಳಿ ಓಡುವ ಸದ್ದು. ಸಂಗೀತ ಬೇಡ. ಐದು ಸೆಕೆಂಡ್ ಯಾರೂ ಮಾತಾಡುವುದಿಲ್ಲ.]

ಈ ಸದ್ದು ಕೇಳಿಸಿತಾ? ಇದು ಇಳಕಲ್ಲಿನ ಒಂದು ಮನೆಯ ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತಾರೆ. ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ.

[ದೃಶ್ಯ: ನೇಯ್ದು ಮುಗಿದ ಸೀರೆ. ಮೈ ಮತ್ತು ಸೆರಗು ಸೇರುವ ಗೆರೆಯ ಮೇಲೆ ಬೆರಳು ನಿಧಾನವಾಗಿ ಸರಿಯುತ್ತದೆ.]

ಈಗ ಈ ಗೆರೆ ನೋಡಿ. ಇಲ್ಲಿಗೆ ಹತ್ತಿಯ ಮೈ ಮುಗಿಯಿತು. ಇಲ್ಲಿಂದ ಕೆಂಪು ರೇಷ್ಮೆ ಸೆರಗು. ಮೈಗೆ ಒಂದು ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು, ಸೆರಗಿಗೆ ಬೇರೆಯದೇ ಹಾಸು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಸೇರಿಸುತ್ತಾರೆ. ಇದಕ್ಕೆ ಕೊಂಡಿ ಅನ್ನುತ್ತಾರೆ. ಒಂದೊಂದು ಸೀರೆಗೂ ಈ ಕೆಲಸ ಹೊಸದಾಗಿ ಆಗಬೇಕು.

ನೀವು ಈಗ ನೋಡಿದ್ದು ಅರ್ಧ ನಿಮಿಷದ ವಿಡಿಯೋ. ಇದನ್ನು ತೆಗೆದದ್ದು ಸಾಧಾರಣ ಫೋನಿನಲ್ಲಿ. ಸೀರೆ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ನಾನು ನೋಡಿಲ್ಲ. ಯಾಕೆ ಅಂತ ಹೇಳುತ್ತೇನೆ.

[ದೃಶ್ಯ: ನಿರೂಪಕಿ, ಅಂಗಡಿಯ ಕಟ್ಟೆಯ ಮೇಲೆ ಕೂತು]

ನಮಸ್ಕಾರ. ಹೊರಗೆ ಹೋಗಿ ಬೇರೆ ಕಥೆ ಹುಡುಕುವ ಬದಲು ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ಮಾಮಾ ಅವರದು ಸೀರೆ ಅಂಗಡಿ. ಕೆಲವು ವರ್ಷದ ಹಿಂದೆ ಅಂಗಡಿಗೆ ಒಂದು ವಿಡಿಯೋ ಮಾಡಿಸೋಣ ಅಂತ ನಾನೇ ಹಟ ಹಿಡಿದೆ. ಡ್ರೋನ್ ಬಂತು. ಇಬ್ಬರು ಹುಡುಗಿಯರು ಸೀರೆ ಉಟ್ಟು ಹೊಲದಲ್ಲಿ ಓಡಿದರು. ಹಿನ್ನೆಲೆಗೆ ಕೊಳಲು. ನೋಡಲು ತುಂಬಾ ಚೆನ್ನಾಗಿತ್ತು. ನೆಂಟರೆಲ್ಲ ಹೊಗಳಿದರು. ಆದರೆ ಅದನ್ನು ನೋಡಿ ಸೀರೆ ಬೇಕು ಅಂತ ಒಬ್ಬರೂ ಫೋನ್ ಮಾಡಲಿಲ್ಲ.

ಮಾಮಾ ನನಗೆ ಬೈಯಲಿಲ್ಲ. "ಒಂದಿನ ಗಲ್ಲೇದ ಹತ್ರ ಬಂದು ಕುಂದ್ರವ್ವಾ" ಅಂದರು. ಹೋಗಿ ಕೂತೆ. ಬಂದ ಗಿರಾಕಿಗಳು ಕೇಳಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

[ಪರದೆಯ ಮೇಲೆ, ಕೈಬರಹದಲ್ಲಿ ಒಂದೊಂದಾಗಿ]
"ಇದು ಕೈಮಗ್ಗದ್ದೇನ್ರಿ, ಪವರ್‌ಲೂಮಿಂದ್ರಿ?"
"ಸೆರಗು ಖರೇನ ರೇಶ್ಮಿನೋ, ಚಮಕಾನೋ?"
"ಒಗದ್ರ ಬಣ್ಣ ಬಿಡತೈತೇನ್ರಿ?"
"ಇದಕ್ಕ ಯಾವ ಖಣ ಹೊಂದತೈತ್ರಿ?"

ಸಂಜೆ ಹೊತ್ತಿಗೆ ಎರಡು ಪುಟ ತುಂಬಿತ್ತು. ಆದರೆ ಸುತ್ತಿ ಬಳಸಿ ಪ್ರಶ್ನೆಗಳು ಇಷ್ಟೇ. (ಚಮಕಾ ಅಂದರೆ ರೇಷ್ಮೆಯಂತೆ ಹೊಳೆಯುವ ಕೃತಕ ನೂಲು, ಖಣ ಅಂದರೆ ರವಿಕೆ ಬಟ್ಟೆ.) ನಮ್ಮ ಡ್ರೋನ್ ವಿಡಿಯೋದಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

ಅಂಗಡಿಗೆ ಬಂದವರು ಸೀರೆ ಮುಟ್ಟುತ್ತಾರೆ. ಮಗ್ಗುಲು ತಿರುವಿ ನೋಡುತ್ತಾರೆ. ಬೆಳಕಿಗೆ ಹಿಡಿಯುತ್ತಾರೆ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತು ಫೋನಿನಲ್ಲಿ ನೋಡುವವರಿಗೆ ಆ ಭಾಗ್ಯ ಇಲ್ಲ. ಅವರ ಪರವಾಗಿ ಮುಟ್ಟುವುದು, ತಿರುವುವುದು, ಬೆಳಕಿಗೆ ಹಿಡಿಯುವುದು ನಮ್ಮ ವಿಡಿಯೋದ ಕೆಲಸ. ಫೋಟೋದಲ್ಲಿ ಕೈಮಗ್ಗದ ಸೀರೆಯೂ ಯಂತ್ರದ ಸೀರೆಯೂ ಒಂದೇ ಥರ ಕಾಣುತ್ತವೆ. ಸೀರೆ ತಿರುಗಿಸಿ ಕೊಂಡಿಯ ಗೆರೆ ತೋರಿಸಿದರೆ ವ್ಯತ್ಯಾಸ ಕಾಣುತ್ತದೆ. ಪವರ್‌ಲೂಮಿನ ನಕಲಿನಲ್ಲಿ ಸಾಮಾನ್ಯವಾಗಿ ಈ ಕೊಂಡಿ ಇರುವುದಿಲ್ಲ.

[ದೃಶ್ಯ ಬದಲು: ಮೇಜಿನ ಮೇಲೆ ಒಂದು ಮಿಕ್ಸರ್]

ಇದೇ ದಾರಿಯಲ್ಲಿ ದೊಡ್ಡದಾಗಿ ಗೆದ್ದ ಒಂದು ಕಂಪನಿ ಇದೆ. ಅಮೆರಿಕದ ಯೂಟಾ ರಾಜ್ಯದ ಬ್ಲೆಂಡ್‌ಟೆಕ್. ಮಿಕ್ಸರ್ ಮಾಡುವವರು. ಒಳ್ಳೆಯ ಮಾಲು, ಆದರೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. 2006ರಲ್ಲಿ ಅಲ್ಲಿಗೆ ಮಾರ್ಕೆಟಿಂಗ್ ಕೆಲಸಕ್ಕೆ ಬಂದವರು ಜಾರ್ಜ್ ರೈಟ್. ಒಂದು ದಿನ ಕಾರ್ಖಾನೆಯ ನೆಲದ ಮೇಲೆ ಮರದ ಹೊಟ್ಟು ಬಿದ್ದಿರುವುದನ್ನು ನೋಡಿದರು. ಮಿಕ್ಸರ್ ಕಾರ್ಖಾನೆಯಲ್ಲಿ ಮರದ ಹೊಟ್ಟು ಎಲ್ಲಿಂದ ಬರಬೇಕು? ವಿಚಾರಿಸಿದರೆ, ಮಾಲೀಕ ಟಾಮ್ ಡಿಕ್ಸನ್ ಮಿಕ್ಸರ್ ಗಟ್ಟಿ ಇದೆಯೋ ಇಲ್ಲವೋ ನೋಡಲು ಅದಕ್ಕೆ ಮರದ ತುಂಡು ಹಾಕಿ ರುಬ್ಬುತ್ತಿದ್ದರು! ಅವರಿಗೆ ಅದು ಮಾಮೂಲಿ ಪರೀಕ್ಷೆ.

ರೈಟ್ ಅದನ್ನೇ ಕ್ಯಾಮೆರಾ ಮುಂದೆ ಮಾಡಿಸಿದರು. ಮೊದಲ ಐದು ವಿಡಿಯೋಗಳಿಗೆ ಖರ್ಚಾದದ್ದು ಸುಮಾರು 50 ಡಾಲರ್. ಗೋಲಿ ಹಾಕಿ ರುಬ್ಬಿದರು, ತೋಟದ ಕುಂಟೆ ಹಾಕಿ ರುಬ್ಬಿದರು. ಮುಂದಿನ ವರ್ಷ ಆಗಷ್ಟೇ ಬಂದಿದ್ದ ಐಫೋನನ್ನೂ ಹಾಕಿದರು. ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ನೋಡಿದರು. ಮನೆಬಳಕೆಯ ಮಿಕ್ಸರ್ ಮಾರಾಟ ಹಲವು ಪಟ್ಟು ಏರಿತು.

ಇದನ್ನು ನೋಡಿ "ನಾವೂ ಏನಾದರೂ ವಿಚಿತ್ರ ಮಾಡೋಣ" ಅನ್ನುವವರು ಜಾಸ್ತಿ. ನನಗೆ ಆ ವಿಡಿಯೋಗಳಲ್ಲಿ ಇಷ್ಟವಾಗುವುದು ಬೇರೆ. ಅವರು ಹೊಸದೇನೂ ಹುಟ್ಟಿಸಲಿಲ್ಲ. ದಿನಾ ಮಾಡುತ್ತಿದ್ದ ಪರೀಕ್ಷೆಯ ಬಾಗಿಲು ತೆರೆದು ತೋರಿಸಿದರು. "ಈ ಮಿಕ್ಸರ್ ಕೆಟ್ಟುಹೋಗುತ್ತದಾ?" ಅಂತ ಕೊಳ್ಳುವವರ ಮನಸ್ಸಿನಲ್ಲಿದ್ದ ಸಂಶಯಕ್ಕೆ ಕಣ್ಣೆದುರೇ ಉತ್ತರ ಸಿಕ್ಕಿತು.

[ದೃಶ್ಯ: ಮತ್ತೆ ಅಂಗಡಿ]

ಈಗ ಕೈಕೆಲಸಕ್ಕೆ ಬರೋಣ. ಸೀರೆಗೆ ವಿಡಿಯೋ ಮಾಡುವಾಗ ಎಲ್ಲಕ್ಕಿಂತ ದೊಡ್ಡ ತಲೆನೋವು ಬಣ್ಣ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ. ಸರಕು ವಾಪಸ್ ಬರುವುದು, ಮನಸ್ತಾಪ ಆಗುವುದು ಬಹಳ ಸಲ ಇಲ್ಲೇ.

ಇಳಕಲ್ ಸೀರೆಯಲ್ಲಿ ದಾಳಿಂಬೆ ಕೆಂಪು ಇದೆ. ನವಿಲು ಹಸಿರು, ಗಿಳಿ ಹಸಿರು ಇವೆ. ಮದುವೆಗೆ ಉಡುವ ಗಿರಿ ಕುಂಕುಮ ಇದೆ. ಇವುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಗೊತ್ತಾಗುತ್ತದೆ, ಫೋನಿಗೆ ಗೊತ್ತಾಗುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕೆಂಪು ಒಂದು ಥರ, ಹಳದಿ ಬಲ್ಬಿನ ಕೆಳಗೆ ಇನ್ನೊಂದು ಥರ. ಫೋನು ತಾನಾಗಿಯೇ ಬಣ್ಣ, ಬೆಳಕು ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸುತ್ತದೆ.

[ದೃಶ್ಯ: ಒಂದೇ ಸೀರೆ, ಮೂರು ಬೆಳಕಿನಲ್ಲಿ, ಪಕ್ಕ ಪಕ್ಕ]

ಹಾಗಾಗಿ ಅಂಗಡಿಯ ಲೈಟೆಲ್ಲ ಆರಿಸಿ. ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಸೀರೆ ಹಾಸಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಡಿ. ಹಾಳೆ ಬಿಳಿಯಾಗೇ ಕಂಡರೆ ಸೀರೆಯ ಬಣ್ಣವೂ ಹೆಚ್ಚುಕಡಿಮೆ ಸರಿಯಾಗಿದೆ ಅಂತ ಅರ್ಥ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಅಲ್ಲೇ ನಿಲ್ಲುತ್ತವೆ, ಕೈ ಅಲುಗಿದಾಗಲೆಲ್ಲ ಬದಲಾಗುವುದಿಲ್ಲ. ಫಿಲ್ಟರ್ ಮಾತ್ರ ದಯವಿಟ್ಟು ಹಾಕಬೇಡಿ. ಹುಟ್ಟುಹಬ್ಬದ ವಿಡಿಯೋಗೆ ಹಾಕಿಕೊಳ್ಳಿ. ಮಾರುವ ಸರಕಿಗೆ ಫಿಲ್ಟರ್ ಹಾಕುವುದೂ, ತಕ್ಕಡಿಗೆ ಕಲ್ಲು ಕಟ್ಟುವುದೂ ನನ್ನ ಲೆಕ್ಕದಲ್ಲಿ ಒಂದೇ.

ಆಮೇಲೆ ಅದೇ ಸೀರೆಯನ್ನು ಹೊರಗೆ ಬಿಸಿಲಿಗೂ ಒಮ್ಮೆ ಹಿಡಿದು ತೋರಿಸಿ. "ನೆರಳಲ್ಲಿ ಹೀಗೆ, ಬಿಸಿಲಲ್ಲಿ ಹೀಗೆ" ಅಂತ ಬಾಯಿಬಿಟ್ಟು ಹೇಳಿ.

ಬಣ್ಣ ಬಿಡುತ್ತದಾ ಅನ್ನುವ ಪ್ರಶ್ನೆಗೆ ಮಾತಿನ ಉತ್ತರ ಬೇಡ. ಬಕೆಟ್‌ನಲ್ಲಿ ನೀರು ತುಂಬಿ, ಕ್ಯಾಮೆರಾ ಮುಂದೆಯೇ ಸೀರೆ ಅದ್ದಿ. ಮೊದಲ ನೀರಿಗೆ ಸ್ವಲ್ಪ ಬಣ್ಣ ಬಿಟ್ಟಿತಾ? ಬಿಡಲಿ. ಅದನ್ನು ಕತ್ತರಿಸಬೇಡಿ. "ಮೊದಲ ಸಲ ಬೇರೆ ಬಟ್ಟೆ ಜೊತೆ ಹಾಕಬೇಡಿ" ಅಂತ ಹೇಳಿ. ನಮ್ಮ ಅಂಗಡಿಗೆ ಅತಿ ಹೆಚ್ಚು ಫೋನ್ ತಂದ ವಿಡಿಯೋ ಇದೇ. ಬಣ್ಣ ಬಿಟ್ಟಿದ್ದನ್ನೂ ಮುಚ್ಚಿಡದೆ ತೋರಿಸಿದ್ದಕ್ಕೇ ಕೊಂಡೆವು ಅಂದವರು ಇದ್ದಾರೆ.

ಸದ್ದಿನ ವಿಷಯ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಆ ಕ್ಷಣವೇ ಮುಂದೆ ಹೋಗುತ್ತಾರೆ. ವೈರ್ ಇರುವ ಇಯರ್‌ಫೋನಿನ ಮೈಕನ್ನು ಸೆರಗಿಗೆ ಪಿನ್ ಮಾಡಿದರೂ ನಡೆಯುತ್ತದೆ. ಫ್ಯಾನ್ ಆರಿಸಿ. ಸಿನಿಮಾ ಹಾಡು ಹಾಕಬೇಡಿ. ಕಾಪಿರೈಟ್ ತಕರಾರು ಬಂದರೆ ವಿಡಿಯೋದ ಸದ್ದೇ ಹೋಗಬಹುದು, ವಿಡಿಯೋವೇ ಹೋಗಬಹುದು. ಅಷ್ಟಕ್ಕೂ ಮಗ್ಗದ ಸದ್ದು ಇರುವಾಗ ಬೇರೆ ಸಂಗೀತ ಯಾಕೆ ಬೇಕು? ಎಷ್ಟೋ ಜನ ಸದ್ದೇ ಇಲ್ಲದೆ ನೋಡುತ್ತಾರೆ, ಅವರಿಗಾಗಿ ಮಾತನ್ನು ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹಾಕಿ.

ಶುರುವಿನಲ್ಲಿ ಅಂಗಡಿಯ ಲೋಗೋ, ಅಜ್ಜನ ಫೋಟೋ, ಸ್ವಾಗತ, ಇವೆಲ್ಲ ಬೇಡ. ಕೊಂಡಿಯ ಮೇಲೆ ಬೆರಳಿಟ್ಟೇ ಶುರು ಮಾಡಿ. ಅಜ್ಜನ ಕಥೆ ಒಳ್ಳೆಯದೇ, ಅದಕ್ಕೆ ಬೇರೆ ವಿಡಿಯೋ ಇರಲಿ.

[ದೃಶ್ಯ: ಫೋನ್ ನೆಟ್ಟಗೆ, ಆಮೇಲೆ ಅಡ್ಡ]

ಎಲ್ಲಿ ಹಾಕುವುದು? ನೆಟ್ಟಗೆ ತೆಗೆದ ಚಿಕ್ಕ ವಿಡಿಯೋ ರೀಲ್ಸ್‌ಗೂ ಶಾರ್ಟ್ಸ್‌ಗೂ ವಾಟ್ಸಾಪ್ ಸ್ಟೇಟಸ್‌ಗೂ ಆಗುತ್ತದೆ. ಸ್ಟೇಟಸ್ 24 ಗಂಟೆಗೆ ಮಾಯ. ಆದರೆ ಅದನ್ನು ನೋಡುವವರು ನಿಮ್ಮ ನಂಬರ್ ಇಟ್ಟುಕೊಂಡವರು, ಅಂದರೆ ಈಗಾಗಲೇ ಗಿರಾಕಿಗಳು. ಹೊಸ ಸರಕು ಬಂದ ದಿನ ಮೊದಲು ಅಲ್ಲಿಗೇ ಹಾಕಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಅಂಗಡಿಯ ಪುಟಕ್ಕೆ 30 ಸೆಕೆಂಡಿನ ವಿಡಿಯೋ ಸೇರಿಸಬಹುದು. ಊರಿಗೆ ಬಂದವರು ದಾರಿ ಹುಡುಕುವಾಗ ಅದು ಕಾಣುತ್ತದೆ.

ಯೂಟ್ಯೂಬ್‌ನ ಉದ್ದ ವಿಡಿಯೋ ಬೇರೆ ಥರ. ಎರಡು ವರ್ಷ ಬಿಟ್ಟು ಹುಡುಕಿದವರಿಗೂ ಅದು ಸಿಗುತ್ತದೆ. ಅದಕ್ಕೇ ಹೆಸರು ಇಡುವಾಗ ಜನ ಹುಡುಕುವ ಮಾತನ್ನೇ ಇಡಿ. "ನಮ್ಮ ಪರಂಪರೆ, ನಮ್ಮ ಹೆಮ್ಮೆ" ಅಂತ ಯಾರೂ ಟೈಪ್ ಮಾಡುವುದಿಲ್ಲ. "ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ" ಅಂತ ಮಾಡುತ್ತಾರೆ. ಇನ್ನೊಂದು ಮಾತು. ಮಹಾರಾಷ್ಟ್ರದಲ್ಲಿ ಈ ಸೀರೆಗೆ ಇರಕಲ್ ಅನ್ನುತ್ತಾರೆ. ಅಲ್ಲಿ ಇದನ್ನು ಉಡುವವರು ತುಂಬಾ ಇದ್ದಾರೆ. ಆ ಹೆಸರನ್ನೂ ವಿವರಣೆಯಲ್ಲಿ ಸೇರಿಸಿ.

ಶಾರ್ಟ್ಸ್ ಮಾಡುವವರಿಗೆ ಒಂದು ಎಚ್ಚರಿಕೆ. ವಿವರಣೆಯಲ್ಲಿ, ಕಾಮೆಂಟ್‌ನಲ್ಲಿ ಹಾಕಿದ ಲಿಂಕ್ 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವುದಿಲ್ಲ. ಹಾಗಾಗಿ ಶಾರ್ಟ್ಸ್‌ಗೆ ನಿಮ್ಮದೇ ಉದ್ದ ವಿಡಿಯೋವನ್ನು ಜೋಡಿಸಿ, ನಂಬರನ್ನು ಪರದೆಯ ಮೇಲೇ ಬರೆಯಿರಿ. ಬೆಲೆಯನ್ನೂ ಬರೆಯಿರಿ. "ಬೆಲೆಗೆ ಮೆಸೇಜ್ ಮಾಡಿ" ಅನ್ನುವುದು ಯಾರಿಗೂ ಇಷ್ಟವಾಗುವುದಿಲ್ಲ. ಅಂಗಡಿಗೆ ಬಂದವರು ಬೆಲೆ ಕೇಳಿದರೆ ಕಿವಿಯಲ್ಲಿ ಹೇಳುತ್ತೇವಾ? ಇಲ್ಲ ಅಲ್ವಾ?

ಎಲ್ಲವನ್ನೂ ಒಂದೇ ಆಪ್‌ನಲ್ಲಿ ಇಡುವುದೂ ಬೇಡ. 2020ರ ಜೂನ್ 29ರಂದು ಸರ್ಕಾರ 59 ಆಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಇತ್ತು. ಅಲ್ಲಿ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿದ್ದವರ ಪಾಲಿಗೆ ಎಲ್ಲವೂ ರಾತ್ರೋರಾತ್ರಿ ಮುಗಿಯಿತು. ತೆಗೆದ ವಿಡಿಯೋಗಳನ್ನು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಗಿರಾಕಿಗಳ ನಂಬರ್ ನಿಮ್ಮ ಪುಸ್ತಕದಲ್ಲಿರಲಿ.

[ದೃಶ್ಯ: ನೇಕಾರರ ಕೈಗಳು]

ದುಡ್ಡು ಕೊಟ್ಟು ಬೇರೆಯವರಿಂದ ಹೊಗಳಿಸುವ ಯೋಚನೆ ಇದೆಯಾ? ಹಾಗಿದ್ದರೆ "ಇದು ಜಾಹೀರಾತು" ಅಂತ ಅವರು ಸ್ಪಷ್ಟವಾಗಿ ಹೇಳಲೇಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇದಕ್ಕೆ ಮಾರ್ಗಸೂಚಿ ತಂದಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲವೇ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು. ಚಮಕಾ ಸೆರಗನ್ನು ರೇಷ್ಮೆ ಅಂತ ಹೇಳಿಸಿದರೆ ಅದೂ ಸುಳ್ಳೇ. ಚಮಕಾ ಸೀರೆ ಮಾರುವುದು ತಪ್ಪಲ್ಲ, ಎಷ್ಟೋ ಮನೆಗಳಿಗೆ ಕೈಗೆಟುಕುವ ಸೀರೆ ಅದೇ. ಅದನ್ನು ಚಮಕಾ ಅಂತಲೇ ಹೇಳಿ ಮಾರಿ.

ನನ್ನ ಕೇಳಿದರೆ, ಆ ದುಡ್ಡನ್ನು ನೇಕಾರರಿಗೇ ಕೊಡಿ. ವಿಡಿಯೋ ತೆಗೆಯುವ ದಿನ ಅವರ ಕೆಲಸ ನಿಲ್ಲುತ್ತದೆ. ಮಗ್ಗ ನಿಂತರೆ ಅವತ್ತಿನ ಕೂಲಿ ಇಲ್ಲ. ಮೊದಲು ಒಪ್ಪಿಗೆ ಕೇಳಿ, ಕೂಲಿ ಕೊಡಿ, ಆಮೇಲೆ ಕ್ಯಾಮೆರಾ ತೆರೆಯಿರಿ. ಅವರಿಗೆ ಇಷ್ಟವಿದ್ದರೆ ಹೆಸರು ಹಾಕಿ, ಅವರ ಬಾಯಲ್ಲೇ ಮಾತಾಡಿಸಿ. ಸೆರಗಿನ ಮೇಲಿನ ವಿನ್ಯಾಸಗಳ ಹೆಸರು ಅವರ ಬಾಯಲ್ಲಿ ಕೇಳಬೇಕು. ಬಾಚಣಿಗೆ ಹಲ್ಲಿನಂಥದ್ದು ಹಣಿಗೆ. ಜೋಳದ ತೆನೆಯಂಥದ್ದು ತೋಪು ತೆನೆ. ನಾನು ಹತ್ತು ಸಲ ಅಭ್ಯಾಸ ಮಾಡಿ ಹೇಳಿದರೂ ಆ ಮಾತಿಗೆ ಅವರ ದನಿಯಲ್ಲಿರುವ ತೂಕ ಬರುವುದಿಲ್ಲ.

[ದೃಶ್ಯ: ಗಲ್ಲೆಯ ಪಕ್ಕದ ನೋಟ್‌ಬುಕ್]

ಕೊನೆಗೆ ಲೆಕ್ಕ. ಎಷ್ಟು ವ್ಯೂಸ್ ಬಂತು ಅಂತ ದಿನಾ ನೋಡಿ ನೋಡಿ ಸುಮ್ನೆ ಮನಸ್ಸು ಕೆಡಿಸಿಕೊಳ್ಳಬೇಡಿ. ಫೋನ್ ಮಾಡಿದವರಿಗೆಲ್ಲ "ನಮ್ಮನ್ನ ಎಲ್ಲಿ ನೋಡಿದ್ರಿ?" ಅಂತ ಕೇಳಿ ಬರೆದುಕೊಳ್ಳಿ. ಮಾಮಾ ಈಗಲೂ ಇದನ್ನು ಪೆನ್ಸಿಲ್‌ನಲ್ಲಿ ಗೀಟು ಎಳೆದೇ ಇಡುತ್ತಾರೆ. ಸಾವಿರ ಜನವೂ ನೋಡದ ಒಂದು ವಿಡಿಯೋದ ಎದುರು ಎಷ್ಟೋ ಗೀಟುಗಳಿವೆ. ಕಸೂತಿ ಹಾಕಿದ ಸೀರೆಗೆ ಎಂಥ ಖಣ ಹೊಂದುತ್ತದೆ ಅನ್ನುವ ವಿಡಿಯೋ ಅದು. ನೋಡಿದವರು ಕಡಿಮೆ, ಆದರೆ ನೋಡಿದವರೆಲ್ಲ ಸೀರೆ ತೆಗೆದುಕೊಳ್ಳಲೆಂದೇ ಕೂತವರು.

ಆ ಖಣ ಬರುವುದು ಗುಳೇದಗುಡ್ಡದಿಂದ. ಮುಂದಿನ ವಾರ ಅಲ್ಲಿಗೇ ಹೋಗುತ್ತಿದ್ದೇವೆ. ನಿಮ್ಮದು ಅಡಿಕೆ ಮಂಡಿ ಇರಲಿ, ರೊಟ್ಟಿ ಅಂಗಡಿ ಇರಲಿ, ಹೊಲಿಗೆ ಇರಲಿ, ನಾಳೆ ಒಂದು ದಿನ ಗಲ್ಲೆಯ ಹತ್ತಿರ ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಅತಿ ಹೆಚ್ಚು ಸಲ ಬಂದ ಪ್ರಶ್ನೆಯನ್ನು ನಮಗೆ ಬರೆದು ಕಳಿಸಿ. ಅದಕ್ಕೆ ವಿಡಿಯೋ ಹೇಗೆ ಮಾಡಬಹುದು ಅಂತ ಗುಳೇದಗುಡ್ಡದಿಂದಲೇ ಕೂತು ಮಾತಾಡೋಣ.

[ದೃಶ್ಯ: ಕುಣಿಮಗ್ಗದ ಸದ್ದು ಮತ್ತೆ. ಪರದೆ ನಿಧಾನವಾಗಿ ಕಪ್ಪಾಗುತ್ತದೆ.]